ಕೊನೆಯ ಸಾಲಿಗೆ ಕೇಳಬೇಕು

ಬೆಂಗಳೂರು
14 ಜೂನ್ 2023

ಅಂದಾನೆಪ್ಪ ಕಾಕಾ ಅವರಿಗೆ ನಿಮ್ಮ ಶೈಲಶ್ರೀಯ ನಮಸ್ಕಾರಗಳು.

ಫೋನ್ ಮಾಡಿದರೆ ನೀಲಗಂಗವ್ವ ಕಾಕು ಎತ್ತಿಕೊಂಡು, "ಅವರ ಕಿವಿ ಯುಗಾದಿ ಆದಮ್ಯಾಗ ಪೂರಾ ಹೋಗ್ಯಾವ, ಏನಾರ ಹೇಳೂದಿದ್ರ ಬರದು ಕಳಸವ್ವಾ" ಎಂದರು. ಮೊಬೈಲಿನಲ್ಲಿ ಬರೆದರೆ ನೀವು ಓದುವುದಿಲ್ಲ ಎಂಬುದು ನನಗೆ ಗೊತ್ತು. ಕೈಯಲ್ಲಿ ಬರೆಯದ್ದು ಅಕ್ಷರವೇ ಅಲ್ಲ ಅನ್ನುವವರು ನೀವು. ಅದಕ್ಕೇ ಹತ್ತು ಲಕೋಟೆ ಒಟ್ಟಿಗೇ ತಂದಿಟ್ಟುಕೊಂಡಿದ್ದೇನೆ.

ಧಾರಾವಾಹಿಗೆ ನಾನು ಆಯ್ಕೆಯಾದೆ ಕಾಕಾ! ಮನೆಯ ಚಿಕ್ಕ ಸೊಸೆಯ ಪಾತ್ರ. ಜುಲೈ ಮೊದಲ ಸೋಮವಾರದಿಂದ ದಿನಾ ಸಂಜೆ ಆರೂವರೆಗೆ ಬರುತ್ತದೆ. ಗಳಗನಾಥ ಊರಿನಲ್ಲಿ ಆಡಿದ ನಾಟಕದ ಮೂರನೆಯ ಅಂಕವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟಿದ್ದರಲ್ಲ, ಅದನ್ನು ನೋಡಿಯೇ ಇವರು ನನ್ನನ್ನು ಕರೆಸಿದ್ದು. ಹಾಗಾಗಿ ಈ ಕೆಲಸ ಅರ್ಧ ನನ್ನದು, ಅರ್ಧ ನಿಮ್ಮದು. ಆ ದಿನ ನನಗೆ ಮಾತೇ ಮರೆತುಹೋಗಿತ್ತು. ಎಡಗಡೆಯ ಪರದೆಯ ಮರೆಯಲ್ಲಿ ಹಸ್ತಪ್ರತಿ ಹಿಡಿದು ನಿಂತಿದ್ದ ನಿಮ್ಮ ಕಡೆ ನೋಡಿದೆ. ನಿಮ್ಮ ತುಟಿ ಅಲುಗುತ್ತಿತ್ತು, ಮಾತು ತಾನಾಗಿ ಬಂತು. ತಾಲೀಮಿನಲ್ಲಿ ಇಲ್ಲದ ಮಾತನ್ನೂ ನೀವು ಕೊಟ್ಟಿರಿ: "ಹೊಸ್ತಿಲಕ್ಕ ಅರಿಷಿಣ ಹಚ್ಚಾಕ ನಾ ಬೇಕು, ಹೊಸ್ತಿಲಾ ದಾಟಾಕ ನಿಮ್ಮ ಅಪ್ಪಣಿ ಬೇಕೇನು?" ಜನ ಎದ್ದು ನಿಂತು ಸೀಟಿ ಹೊಡೆದದ್ದು ನೆನಪಿದೆಯೇ? ನಾಟಕ ಇಡಿಸಿದ್ದ ಅಲ್ಲಿನ ಶಾಲೆಯವರು ನನಗೆ ಹೊದಿಸಲು ಬಂದ ಶಾಲನ್ನು ನಾನು ನಿಮ್ಮ ಹೆಗಲಿಗೆ ಹೊದಿಸಿದ್ದು ಸುಮ್ಮನೆ ಅಲ್ಲ.

ಇಲ್ಲಿಯೂ ಪ್ರಾಂಪ್ಟಿಂಗ್ ಇದೆ ಕಾಕಾ! ಒಬ್ಬಾತ ಕ್ಯಾಮೆರಾ ಪಕ್ಕದಲ್ಲಿ ನಿಂತು ಮಾತನ್ನೆಲ್ಲ ಜೋರಾಗಿ ಓದುತ್ತಾನೆ, ನಾವು ಅವನ ಹಿಂದೆ ಹೇಳಿದರಾಯಿತು. ನಿಮ್ಮ ಹಾಗೆ ಮೊದಲ ಶಬ್ದ ಮಾತ್ರ ಕೊಟ್ಟು ಸುಮ್ಮನಾಗುವುದಿಲ್ಲ, ಪೂರ್ತಿ ಊಟವನ್ನೇ ಬಾಯಿಗಿಡುತ್ತಾನೆ.

ರಾಣೆಬೆನ್ನೂರಿನಲ್ಲಿ ಅವ್ವ ಬಳೆ ಅಂಗಡಿಗೆ ಬಂದವರಿಗೆಲ್ಲ ಆರೂವರೆ, ಆರೂವರೆ ಎಂದು ಹೇಳುತ್ತಿದ್ದಾಳಂತೆ. ನೀವೂ ನೋಡಿ.

ನಿಮ್ಮ ಶೈಲಾ


ಬ್ಯಾಡಗಿ
24 ಜುಲೈ 2023

ಚಿ. ಶೈಲಶ್ರೀಗೆ ಅಂದಾನೆಪ್ಪನ ಆಶೀರ್ವಾದ.

ಮೂರು ವಾರದಿಂದ ನಮ್ಮ ಮನೆ ಟೆಂಟ್ ಥಿಯೇಟರ್ ಆಗಿದೆ. ಮೆಣಸಿನಕಾಯಿ ತೊಟ್ಟು ಬಿಡಿಸಿ ಮನೆಗೆ ಹೋಗುವ ಹೆಂಗಸರು ಆರೂಕಾಲಿಗೇ ಬಂದು ಪಡಸಾಲೆಯಲ್ಲಿ ಕೂಡುತ್ತಾರೆ. ಅವರ ಸೀರೆಯ ಘಾಟಿಗೆ ನಾನು ಸೀನುತ್ತೇನೆ, ನನ್ನ ಸೀನಿಗೆ ಅವರು ಬೈಯುತ್ತಾರೆ. ಬೈಗುಳ ಕೇಳಿಸದಿರುವುದು ಕಿವುಡನಿಗೆ ಇರುವ ಒಂದೇ ಸುಖ.

ನಾನು ನಿನ್ನ ತುಟಿಯನ್ನು ಓದುತ್ತೇನೆ. ನಲವತ್ತೆರಡು ವರ್ಷ ಪರದೆಯ ಮರೆಯಲ್ಲಿ ನಿಂತು ನಟರ ಬಾಯನ್ನೇ ನೋಡಿದವನಿಗೆ ಇದೇನು ದೊಡ್ಡ ಮಾತಲ್ಲ. ನಿನ್ನ ಉಚ್ಚಾರ ಸ್ವಚ್ಛ ಇದೆ. ಆ ದೊಡ್ಡ ಸೊಸೆ ಮಾಡಿದವಳು ಮಾತ್ರ ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡವಳ ಹಾಗೆ ಮಾತಾಡುತ್ತಾಳೆ, ಹೇಳು ಅವಳಿಗೆ.

ದಿನಾ ಹೆಂಗಸರಿಗೆ ಹೇಳುತ್ತೇನೆ: "ದನಿ ಕೇಳ್ರಿ ನಮ್ಮ ಹುಡುಗೀದು! ಬೈಲಾಗ ನಾಟಕ ಇಟ್ರೂ ಕೊನೀ ಸಾಲಿಗೆ ಕೇಳತೈತಿ." ಅವರು ನನ್ನ ಮುಖ ನೋಡಿ ತಲೆಯಾಡಿಸುತ್ತಾರೆ. ನಿನ್ನ ದನಿ ನನ್ನ ತಲೆಯೊಳಗೆ ಹಾಗೇ ಇದೆ, ಅದನ್ನು ನಿನ್ನ ತುಟಿಗೆ ಜೋಡಿಸಿಕೊಂಡು ನೋಡುತ್ತೇನೆ. ನನಗೇನೂ ಕಡಿಮೆಯಾಗಿಲ್ಲ.

ಗಳಗನಾಥದ ಮಾತು ಸಾಕು. ಹಳೆಯ ನಾಟಕವನ್ನು ಎಷ್ಟು ಸಲ ಆಡುತ್ತೀ? ಮುಂದಿನದನ್ನು ನೋಡು. ತಣ್ಣೀರು ಕುಡಿಯಬೇಡ.

ಅಂದಾನೆಪ್ಪ


ಬೆಂಗಳೂರು
3 ಸೆಪ್ಟೆಂಬರ್ 2023

ಕಾಕಾ, ನಮಸ್ಕಾರ.

ತಿಂಗಳಿಗೆ ಇಪ್ಪತ್ತು ದಿನ ಚಿತ್ರೀಕರಣ, ಬರೆಯಲು ತಡವಾಯಿತು. ನಾನು ಆರಾಮ ಇದ್ದೇನೆ. ಮೊನ್ನೆ ಹಾಲಿನ ಲೋಟ ಬೀಳಿಸುವ ದೃಶ್ಯವನ್ನು ಒಂಬತ್ತು ಸಲ ತೆಗೆದರು, ಒಂಬತ್ತು ಲೋಟ ಹಾಲು ಹೋಯಿತು. ನಮ್ಮ ನಾಟಕದಲ್ಲಾದರೆ ಖಾಲಿ ಲೋಟದಲ್ಲೇ ಮುಗಿಸುತ್ತಿದ್ದೆವು.

ದನಿಯ ಬಗ್ಗೆ ನೀವು ಬರೆದದ್ದನ್ನು ಓದಿದೆ. ಎಲ್ಲ ಚೆನ್ನಾಗಿದೆ. ಕಾಕುಗೆ ಒಂದು ಸೀರೆ ಕಳಿಸಿದ್ದೇನೆ, ಬಣ್ಣ ಹಿಡಿಸಿತೋ ಇಲ್ಲವೋ ಬರೆಯಿರಿ.

ಶೈಲಾ


ಬ್ಯಾಡಗಿ
19 ನವೆಂಬರ್ 2023

ಚಿ. ಶೈಲಶ್ರೀಗೆ,

ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ. ಮೊದಲು ಅದನ್ನು ಹೇಳಿ ಮುಂದೆ ಬರೆಯುತ್ತೇನೆ.

ನಿನ್ನೆ ಪೇಟಿ ಮಾಸ್ತರ ಇಸಾಕಸಾಬ ಬಂದಿದ್ದ. ಹಾರ್ಮೋನಿಯಂ ಮಾರಿ ಮಗಳ ಮನೆ ಸೇರಿದ ಮೇಲೆ ಅವನಿಗೆ ಟೀವಿ ನೋಡುವ ಭಾಗ್ಯವೇ ಇಲ್ಲವಂತೆ. ಆರೂವರೆಗೆ ಕೂಡಿಸಿಕೊಂಡೆ. ಎರಡು ನಿಮಿಷ ನೋಡಿದವನೇ ನನ್ನ ಪಾಟಿ ಕಸಿದುಕೊಂಡು ಬರೆದ: "ಇದು ನಮ್ಮ ಶೈಲಾನ ದನಿ ಅಲ್ಲೋ ಅಂದಾನಿ. ಬ್ಯಾರೇ ಯಾರೋ ಮಾತಾಡಾಕತ್ತಾರ." ನಾನು ಅವನಿಗೆ ಹುಚ್ಚ ಎಂದೆ. ಹೆಂಗಸರ ಕಡೆ ತಿರುಗಿದರೆ ಒಬ್ಬೊಬ್ಬರೂ ನೆಲ ನೋಡುತ್ತಿದ್ದಾರೆ. ಅವರಿಗೆಲ್ಲ ಮೊದಲ ದಿನವೇ ಗೊತ್ತಂತೆ! "ಮುದುಕ ಖುಷೀಲಿ ಇದ್ದಾನ, ಇರಲಿ ಬಿಡ್ರಿ" ಎಂದು ನೀಲಗಂಗವ್ವನೇ ಎಲ್ಲರ ಬಾಯಿ ಮುಚ್ಚಿಸಿದ್ದಾಳೆ. ನಾಲ್ಕೂವರೆ ತಿಂಗಳು ನಾನು ಅವರ ಮುಂದೆ ನಿನ್ನ ದನಿ ಹೊಗಳಿದ್ದೇನೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ನೀನಾದರೂ ಹೇಳಬೇಕಿತ್ತು.

ಇರಲಿ. ಸಿಟ್ಟು ಇಲ್ಲಿಗೆ ಮುಗಿಯಿತು.

ನನಗೆ ಅರ್ಥವಾಗಿದೆ ಮಗಳೆ. ನಮ್ಮ ಕಂಪನಿಯಲ್ಲಿ ಪದ್ಮಾಬಾಯಿ ಎಂಬ ನಟಿಗೂ ಹೀಗೇ ಆಗಿತ್ತು. ಗಂಟಲು ಕೆಟ್ಟದ್ದನ್ನು ಮೂರು ತಿಂಗಳು ಮುಚ್ಚಿಟ್ಟಳು, ಕೊನೆಗೆ ದನಿ ತಿರುಗಿ ಬರಲೇ ಇಲ್ಲ. ನೀನು ಹಾಗೆ ಮಾಡಬೇಡ. ಇದರ ಜೊತೆ ಜೇಷ್ಠಮಧು, ಹಿಪ್ಪಲಿ, ಕಲ್ಲುಸಕ್ಕರೆ ಕಳಿಸಿದ್ದೇನೆ. ದಿನಕ್ಕೆ ಎರಡು ಸಲ ಬಾಯಲ್ಲಿಟ್ಟು ಚೀಪಬೇಕು. ಹುಬ್ಬಳ್ಳಿಯಲ್ಲಿ ಗಂಟಲಿನ ಡಾಕ್ಟರ್ ಒಬ್ಬರಿದ್ದಾರೆ, ನಾನೇ ಜೊತೆಗೆ ಬರುತ್ತೇನೆ. ದನಿ ಹೋದರೆ ಹೋಗಲಿ ಅನ್ನಬೇಡ.

ಅಂದಾನೆಪ್ಪ


ಬೆಂಗಳೂರು
28 ನವೆಂಬರ್ 2023

ಪ್ರೀತಿಯ ಕಾಕಾ,

ನಿಮ್ಮ ಪೊಟ್ಟಣ ಬಿಚ್ಚಿ, ಜೇಷ್ಠಮಧುವಿನ ತುಂಡು ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಅತ್ತೆ. ನನ್ನ ಗಂಟಲಿಗೆ ಏನೂ ಆಗಿಲ್ಲ. ನನ್ನ ದನಿ ಇವರಿಗೆ ಬೇಡವಾಗಿದೆ, ಅಷ್ಟೆ.

ಮೊದಲ ವಾರವೇ ನಿರ್ದೇಶಕರು ಕರೆದು, "ಮುಖ ಚೆನ್ನಾಗಿದೆ ಕಣಮ್ಮ, ಆದ್ರೆ ಬಾಯಿ ಬಿಟ್ರೆ ನಿಮ್ಮ ಕಡೆ ಮಾತು ಬಂದ್ಬಿಡತ್ತೆ" ಎಂದರು. ನನ್ನ ಮಾತನ್ನು ಪ್ರಿಯಂವದಾ ಎಂಬ ಅಕ್ಕ ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಕುಳಿತು ಹೇಳುತ್ತಾಳೆ. ಒಳ್ಳೆಯವಳು. ಈಗ ನಿಮ್ಮ ಹಿಪ್ಪಲಿಯನ್ನು ಚೀಪುತ್ತಿರುವವಳೂ ಅವಳೇ. ನನಗೆ ಮೈಕು ಹಾಕುತ್ತಾರೆ, ನಾನು ಆಡುತ್ತೇನೆ, ಅದನ್ನು ಒರೆಸಿ ಅವಳದ್ದನ್ನು ಇಡುತ್ತಾರೆ. ಅವ್ವ ಮೊದಲ ದಿನ ನೋಡಿ ಫೋನಿನಲ್ಲಿ, "ಮಾರಿ ನನ್ನ ಮಗಳದು, ಮಾತು ಯಾರದವ್ವಾ?" ಎಂದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನು ನಿಮಗೆ ಮಾತ್ರ ಹೇಳಲಿಲ್ಲ. ಈ ಲೋಕದಲ್ಲಿ ನನ್ನ ಧಾರಾವಾಹಿಯನ್ನು ನನ್ನ ದನಿಯಲ್ಲಿ ನೋಡುತ್ತಿದ್ದವರು ನೀವೊಬ್ಬರೇ. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ.

ಈಗ ಒಂದು ಒಳ್ಳೆಯ ಸುದ್ದಿ. ವಿಜಯೇಂದ್ರ ಎಂಬ ಹಾವೇರಿಯ ನಿರ್ದೇಶಕರು ಸಿನಿಮಾ ಮಾಡುತ್ತಿದ್ದಾರೆ. ಹೊಸರಿತ್ತಿ ಕಡೆಯ ಊರು, ಅಪ್ಪನ ಹಿಟ್ಟಿನ ಗಿರಣಿಯನ್ನು ತಾನೇ ನಡೆಸುತ್ತೇನೆ ಎನ್ನುವ ಹುಡುಗಿಯ ಕಥೆ. ನಮ್ಮ ಮಾತೇ ಬೇಕಂತೆ, ಡಬ್ಬಿಂಗ್ ಇಲ್ಲವಂತೆ, ನಿಂತಲ್ಲಿ ಆಡಿದ್ದೇ ಸಿನಿಮಾದಲ್ಲಿ ಕೇಳುತ್ತದಂತೆ. ಜನವರಿ ಇಪ್ಪತ್ತಕ್ಕೆ ಹಾವೇರಿಯಲ್ಲಿ ಪರೀಕ್ಷೆ. ಕಾಕಾ, ಇದು ನನಗೆ ಬೇಕು. ಇನ್ನೊಂದು ವರ್ಷ ಹೀಗೇ ತುಟಿ ಅಲುಗಿಸುತ್ತ ಕುಳಿತರೆ ನನ್ನ ದನಿ ನನಗೇ ಗುರುತು ಸಿಗಲಾರದು.

ಶೈಲಾ


ರಾಣೆಬೆನ್ನೂರು
22 ಜನವರಿ 2024

ಕಾಕಾ,

ಕೆಟ್ಟಿತು.

ಮಾತೆಲ್ಲ ಬಾಯಿಪಾಠ ಇತ್ತು. ಬಸ್ಸಿನಲ್ಲಿ, ಅವ್ವನ ಬಳೆ ಅಂಗಡಿಯಲ್ಲಿ, ಎಲ್ಲ ಕಡೆ ಹೇಳಿ ನೋಡಿದ್ದೆ. ಮೊದಲ ಮಾತು, "ಅಪ್ಪಾ, ಗಿರಣಿ ಕೀಲಿ ಕೊಡು." ಅಷ್ಟೇ. ಕೋಣೆಯಲ್ಲಿ ಎಲ್ಲರೂ ಸುಮ್ಮನಾದರು, ಕ್ಯಾಮೆರಾ ಶುರುವಾಯಿತು. ನಾನು ಎಡಕ್ಕೆ ತಿರುಗಿ ನಿಂತೆ. ನಿಂತೇ ಇದ್ದೆ. ವಿಜಯೇಂದ್ರ ಸರ್ ಮೆಲ್ಲಗೆ ಕೇಳಿದರು, "ಯಾರನ್ನ ನೋಡಾಕತ್ತೀರಿ? ಅಲ್ಲೆ ಯಾರೂ ಇಲ್ಲಲ್ರಿ."

ಆಗ ಗೊತ್ತಾಯಿತು, ನಾನು ನಿಮಗಾಗಿ ಕಾಯುತ್ತಿದ್ದೆ. "ಅಪ್ಪಾ" ಎಂಬ ಒಂದು ಶಬ್ದ ಎಡಗಡೆಯಿಂದ ಬಂದರೆ ಸಾಕಾಗಿತ್ತು. ಹದಿನಾರನೇ ವಯಸ್ಸಿನಿಂದ ಹಳ್ಳಿ ಹಳ್ಳಿ ಸುತ್ತಿ ನೂರಾರು ನಾಟಕ ಮಾಡಿದ್ದೇನೆ, ಒಂದು ದಿನವೂ ಮರೆಯಲ್ಲಿ ನೀವಿಲ್ಲದೆ ನಿಂತಿಲ್ಲ. ಬೆಂಗಳೂರಿನಲ್ಲಂತೂ ಪೂರ್ತಿ ಮಾತನ್ನೇ ಓದಿ ಹೇಳುತ್ತಾರೆ. ಇಲ್ಲಿ ಯಾರೂ ಪಿಸುಗುಟ್ಟುವ ಹಾಗೂ ಇಲ್ಲ, ಎಲ್ಲವನ್ನೂ ಮೈಕು ಹಿಡಿದುಬಿಡುತ್ತದೆ.

ಅವರು ದೊಡ್ಡ ಮನಸ್ಸಿನವರು. ಫೆಬ್ರುವರಿ ಹದಿನೆಂಟಕ್ಕೆ ಇನ್ನೊಮ್ಮೆ ಬಾ ಎಂದಿದ್ದಾರೆ, ಇನ್ನೊಬ್ಬ ಹುಡುಗಿಯನ್ನೂ ನೋಡಿದ್ದಾರಂತೆ. ನನಗೊಂದು ಉಪಾಯ ಹೊಳೆದಿದೆ. ನೀವು ಬಂದು ಕ್ಯಾಮೆರಾದ ಎಡಕ್ಕೆ ನಿಂತುಬಿಡಿ. ದನಿ ಬೇಡ, ತುಟಿ ಅಲುಗಿಸಿದರೆ ಸಾಕು. ಗಳಗನಾಥದಲ್ಲಿ ನನ್ನನ್ನು ದಾಟಿಸಿದ್ದು ನಿಮ್ಮ ತುಟಿಯೇ ತಾನೇ? ವಿಜಯೇಂದ್ರ ಸರ್ ನಕ್ಕು, "ಕರಕೊಂಡ ಬರ್ರಿ, ಖುರ್ಚಿ ಹಾಕತೇವಿ" ಎಂದಿದ್ದಾರೆ. ಸಿನಿಮಾ ಮುಗಿಯುವವರೆಗೂ ನೀವಿರಬಹುದು. ಬರುತ್ತೀರಲ್ಲ? ನೀವು ಬರದಿದ್ದರೆ ನಾನು ಹೋಗುವುದೇ ಇಲ್ಲ.

ಶೈಲಾ


ಬ್ಯಾಡಗಿ
30 ಜನವರಿ 2024

ಚಿ. ಶೈಲಶ್ರೀಗೆ,

ನಿನ್ನ ಕಾಗದ ಓದಿ ಎರಡು ದಿನ ನಾನು ನೆಲದ ಮೇಲೆ ಇರಲಿಲ್ಲ. ಕಿವುಡ ಪ್ರಾಂಪ್ಟರನಿಗೆ ಕ್ಯಾಮೆರಾ ಪಕ್ಕದಲ್ಲಿ ಖುರ್ಚಿ! ನೀಲಗಂಗವ್ವನಿಂದ ಧೋತರ ಇಸ್ತ್ರಿ ಮಾಡಿಸಿದೆ. ಮೂರನೆಯ ದಿನ ಆ ಧೋತರವನ್ನು ಮಡಚಿ ಒಳಗಿಟ್ಟೆ. ನಾನು ಬರುವುದಿಲ್ಲ.

ಯಾಕೆ ಎಂದು ಬರೆಯಲು ಮೂರು ಹಾಳೆ ಹರಿದೆ. ಇದು ನಾಲ್ಕನೆಯದು.

ನನ್ನ ಕಿವಿ ಯುಗಾದಿಯ ನಂತರ ಹೋದದ್ದಲ್ಲ. ಅದರ ಹಿಂದಿನ ದೀಪಾವಳಿಗೇ ಒಂದು ಹೋಗಿತ್ತು. ಯಾರಿಗೂ ಹೇಳಲಿಲ್ಲ. ಪ್ರಾಂಪ್ಟರನಿಗೆ ಬಾಯಿಗಿಂತ ಕಿವಿ ಮುಖ್ಯ, ಆಟ ಎಲ್ಲಿದೆ ಎಂದು ಕೇಳಿಸದಿದ್ದರೆ ಯಾವ ಮಾತು ಕೊಡುವುದು? ಗೊತ್ತಾದರೆ ಯಾರು ಕರೆಯುತ್ತಾರೆ? ಗಳಗನಾಥದಲ್ಲಿ ಎರಡನೆಯ ಅಂಕ ಮುಗಿಯುವ ಹೊತ್ತಿಗೆ ಇನ್ನೊಂದು ಕಿವಿಯಲ್ಲೂ ಗುಂಯ್ ಎಂಬ ಶಬ್ದವೊಂದೇ ಉಳಿಯಿತು. ಇಸಾಕಸಾಬನ ಕೈ ಪೇಟಿಯ ಮೇಲೆ ಓಡಾಡುತ್ತಿದೆ, ಸ್ವರ ಇಲ್ಲ. ಗಾಬರಿಯಲ್ಲಿ ಹಸ್ತಪ್ರತಿಯ ಎರಡು ಹಾಳೆ ಒಟ್ಟಿಗೆ ತಿರುವಿದೆ, ಆಮೇಲೆ ನಾಟಕ ಎಲ್ಲಿದೆ ಎಂಬುದು ನನಗೆ ಸಿಗಲೇ ಇಲ್ಲ. ಅಷ್ಟರಲ್ಲಿ ನೀನು ಎಡಕ್ಕೆ ನೋಡಿದೆ. ನನ್ನ ತುಟಿ ಅಲುಗುತ್ತಿದ್ದುದು ಖರೆ. ನಾನು ಹೇಳುತ್ತಿದ್ದುದು ಓಂ ನಮಃ ಶಿವಾಯ. ಮೂರನೆಯ ಅಂಕ ಮುಗಿಯುವವರೆಗೂ ಅದೊಂದೇ.

ನಿನಗೆ ಒಂದು ಶಬ್ದವನ್ನೂ ನಾನು ಕೊಟ್ಟಿಲ್ಲ.

ಆಟ ಮುಗಿದ ಮೇಲೆ ಇಸಾಕಸಾಬ ಬಂದು ನನ್ನ ಬೆನ್ನು ತಟ್ಟಿ ಏನೋ ಕೇಳಿದ. ಬರೆದು ಕೊಡು ಎಂದೆ. "ಹೊಸ್ತಿಲದ ಮಾತು ಯಾವಾಗ ಬರದಿದ್ಯೋ? ಭಾರೀ ಐತಿ!" ಎಂದು ಬರೆದ. ಮನೆಗೆ ಬಂದು ಹಸ್ತಪ್ರತಿ ಹುಡುಕಿದೆ. ಅಂಥ ಮಾತು ಅದರಲ್ಲಿಲ್ಲ. ನಾನು ಬರೆದಿಲ್ಲ, ಯಾರೂ ಬರೆದಿಲ್ಲ. ಅದು ನಿನ್ನದು. ಅಷ್ಟು ಜನರ ಮುಂದೆ ಮಾತು ಮರೆತು ನಿಂತವಳು ತಾನೇ ಮಾತು ಹುಟ್ಟಿಸಿಕೊಂಡಳು, ಅದಕ್ಕೆ ಸಿಕ್ಕ ಶಾಲು ನನ್ನ ಹೆಗಲಿಗೆ ಬಿತ್ತು. ಆಗಲೇ ತೆಗೆದು ಹೇಳಬೇಕಿತ್ತು. ನಲವತ್ತೆರಡು ವರ್ಷದಲ್ಲಿ ಮರೆಯಲ್ಲಿದ್ದವನನ್ನು ಜನರ ಮುಂದೆ ಕರೆದವಳು ನೀನೊಬ್ಬಳೇ, ಆಸೆ ಬಿಡಲಿಲ್ಲ. ನೀನು ಕಾಗದದಲ್ಲಿ ಗಳಗನಾಥ ಎಂದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡಿದ್ದೇನೆ. ದನಿಯ ಸುದ್ದಿ ಮುಚ್ಚಿಟ್ಟೆ ಎಂದು ನಿನಗೆ ಬೈದೆನಲ್ಲ, ಯಾವ ಬಾಯಿಂದ ಬೈದೆನೋ.

ಒಂದು ದಿನವೂ ನಾನು ಹೊದೆಯದ ಆ ಶಾಲನ್ನು ಇದರ ಜೊತೆ ಕಳಿಸಿದ್ದೇನೆ. ಅದು ನಿನ್ನದು. ಸಿಟ್ಟು ಮಾಡು, ಮಾತು ಬಿಡು, ನನ್ನ ತಕರಾರಿಲ್ಲ. ಆದರೆ ಹದಿನೆಂಟಕ್ಕೆ ಹಾವೇರಿಗೆ ಹೋಗು. ನಾನು ಬಂದು ಖುರ್ಚಿಯಲ್ಲಿ ಕೂತರೆ ಆ ಸುಳ್ಳು ಇನ್ನೊಮ್ಮೆ ನಿನ್ನ ಹೆಗಲೇರುತ್ತದೆ. ನಾನಿಲ್ಲದೆ ನಿಲ್ಲಲಾರೆ ಅನ್ನುತ್ತೀ. ನೀನು ಆಗಲೇ ನಿಂತಿದ್ದೀ ಮಗಳೆ.

ಅಂದಾನೆಪ್ಪ


ಬ್ಯಾಡಗಿ
26 ಫೆಬ್ರುವರಿ 2024

ಶೈಲವ್ವ,

ಪಾರ್ಸಲ್ ಮುಟ್ಟಿತೇ? ಹದಿನೆಂಟು ಆಗಿ ಎಂಟು ದಿನವಾಯಿತು. ನೀಲಗಂಗವ್ವ ಫೋನ್ ಮಾಡುತ್ತೇನೆ ಎಂದಳು, ನಾನೇ ಬೇಡ ಎಂದೆ. ಟಪಾಲು ಹಂಚುವ ಡಾಕಪ್ಪ ಈಗ ನಮ್ಮ ಓಣಿಗೆ ಬಂದರೆ ದೂರದಿಂದಲೇ ಕೈಯಾಡಿಸಿ ಇಲ್ಲ ಎನ್ನುತ್ತಾನೆ. ಧಾರಾವಾಹಿಯಲ್ಲಿ ಚಿಕ್ಕ ಸೊಸೆಯನ್ನು ತವರಿಗೆ ಕಳಿಸಿದ್ದಾರೆ. ನೀನು ಎಲ್ಲಿದ್ದೀ ಎಂಬುದನ್ನಾದರೂ ಬರೆ.

ಅಂದಾನೆಪ್ಪ


ಹಾವೇರಿ
4 ಮಾರ್ಚ್ 2024

ಕಾಕಾ,

ಸಿಟ್ಟು ಬಂದಿತ್ತು. ಖರೆ ಹೇಳಬೇಕೆಂದರೆ ಶಾಲನ್ನು ಅವ್ವನ ಟ್ರಂಕಿನಲ್ಲಿ ತುರುಕಿ, ಇನ್ನು ನಿಮಗೆ ಬರೆಯುವುದೇ ಇಲ್ಲ ಎಂದುಕೊಂಡೆ. ನಂಬಿ ಹಿಡಿದ ಗೋಡೆ ಗೋಡೆಯೇ ಅಲ್ಲ ಎಂದು ತಿಳಿದಾಗ ಆಗುವ ಸಿಟ್ಟು ಅದು. ಅವ್ವ ನಿಮ್ಮ ಕಾಗದ ಓದಿಸಿ ಕೇಳಿ, "ಗ್ವಾಡಿ ಇಲ್ಲದನ ಇಷ್ಟ ದಿನಾ ನಿಂತೀಯಲ್ಲ, ಮತ್ತ ಯಾಕ ಅಳತಿ?" ಎಂದು ಬಳೆ ಜೋಡಿಸುತ್ತ ಕುಳಿತಳು. ಅವಳಿಗೆ ಎಲ್ಲವೂ ಇಷ್ಟೇ ಸಲೀಸು.

ಹದಿನೆಂಟಕ್ಕೆ ಹೋದೆ. ಕೋಣೆ ಸುಮ್ಮನಾಯಿತು. ರೂಢಿ ಎಲ್ಲಿ ಹೋಗುತ್ತದೆ, ಎಡಕ್ಕೆ ನೋಡಿದೆ. ಅಲ್ಲಿ ನಿಮಗಾಗಿ ಹಾಕಿದ್ದ ಖಾಲಿ ಖುರ್ಚಿ ಇತ್ತು. ನೀವು ಅಲ್ಲಿ ಕುಳಿತು ಹೆದರಿ ಹೆದರಿ ಓಂ ನಮಃ ಶಿವಾಯ ಅನ್ನುತ್ತಿರುವುದು ಕಣ್ಣಿಗೆ ಕಟ್ಟಿತು. ನಗು ಬಂತು ಕಾಕಾ, ಅಲ್ಲೇ, ಕ್ಯಾಮೆರಾ ಮುಂದೆ. ಆ ನಗು ಮುಖದಲ್ಲಿ ಇರುವಾಗಲೇ ತಿರುಗಿ, "ಅಪ್ಪಾ, ಗಿರಣಿ ಕೀಲಿ ಕೊಡು" ಎಂದೆ. ಮುಂದಿನದೆಲ್ಲ ಹರಿದು ಬಂತು.

ನಾನೇ ಗಿರಣಿಯ ಹುಡುಗಿ! ಇದೇ ಹದಿನೈದರಿಂದ ಹೊಸರಿತ್ತಿಯ ಹತ್ತಿರ ಚಿತ್ರೀಕರಣ. ಎಡಕ್ಕೆ ನೋಡಿ ನಗುವುದು ಚೆನ್ನಾಗಿದೆ, ಹಾಗೇ ಇರಲಿ, ಗಿರಣಿಯನ್ನೇ ಎಡಗಡೆಗೆ ಇಡೋಣ ಎಂದಿದ್ದಾರೆ ವಿಜಯೇಂದ್ರ ಸರ್. ಚಿಕ್ಕ ಸೊಸೆ ತವರಿನಿಂದ ತಿರುಗಿ ಹೋಗುವುದಿಲ್ಲ.

ಇನ್ನು ಶಾಲಿನ ನ್ಯಾಯ. ನೀವು ಒಂದು ಶಬ್ದವನ್ನೂ ಕೊಟ್ಟಿಲ್ಲ ಅನ್ನುತ್ತೀರಿ. ಏಳು ವರ್ಷ ನನ್ನ ಪ್ರತಿಯೊಂದು ಪಾತ್ರವನ್ನೂ ಕಪ್ಪು ಶಾಯಿಯಲ್ಲಿ, ಎದುರಿನವರ ಕೊನೆಯ ಮಾತನ್ನು ಕೆಂಪು ಶಾಯಿಯಲ್ಲಿ ಬರೆದು ಕೊಟ್ಟವರು ಯಾರು? ಗಳಗನಾಥದ ಆ ಒಂದು ಮಾತು ನನ್ನದು, ಒಪ್ಪುತ್ತೇನೆ. ಉಳಿದವೆಲ್ಲ ನಿಮ್ಮ ಅಕ್ಷರದಲ್ಲೇ ಕಣ್ಣ ಮುಂದೆ ಬಂದವು. ಶಾಲನ್ನು ತಿರುಗಿ ಕಳಿಸುತ್ತಿದ್ದೇನೆ. ಈ ಸಲ ಗೊತ್ತಿದ್ದೂ ಕೊಡುತ್ತಿದ್ದೇನೆ, ಹಾಗಾಗಿ ಬೇಡ ಅನ್ನುವಂತಿಲ್ಲ. ಸಿನಿಮಾ ಬಂದ ದಿನ ಹೊದ್ದುಕೊಂಡು ಬರಬೇಕು.

ಇನ್ನೊಂದು ಮಾತು. ದಸರೆಗೆ ರಾಣೆಬೆನ್ನೂರಿನಲ್ಲಿ ನಾಟಕ ಒಪ್ಪಿಕೊಂಡಿದ್ದೇನೆ. ನನ್ನ ಪಾತ್ರ ಬರೆದು ಕಳಿಸಿ. ಮರೆಯಲ್ಲಿ ಯಾರೂ ಬೇಡ, ನೀವು ಮುಂದೆ ಕುಳಿತು ನೋಡಿ.

ನಿಮ್ಮ ಶೈಲಾ


ಬ್ಯಾಡಗಿ
16 ಫೆಬ್ರುವರಿ 2025

ಚಿ. ಶೈಲಶ್ರೀಗೆ ಅಂದಾನೆಪ್ಪನ ಆಶೀರ್ವಾದ.

ನೀನು ಬೆಂಗಳೂರಿನ ಪ್ರದರ್ಶನದಲ್ಲಿ ಇದ್ದೀ ಎಂದು ಪೇಪರಿನಲ್ಲಿ ಓದಿದೆ. ನಾವು ನಿನ್ನೆ ಹಾವೇರಿಯಲ್ಲಿ ನೋಡಿದೆವು. ನಾನು, ನೀಲಗಂಗವ್ವ, ಇಸಾಕಸಾಬ, ತೊಟ್ಟು ಬಿಡಿಸುವ ಹೆಂಗಸರು ಹನ್ನೊಂದು ಜನ, ಒಂದು ಟೆಂಪೋ ಮಾಡಿಕೊಂಡು ಹೋದೆವು. ಆ ಬಿಸಿಲಿನಲ್ಲಿ ನಾನು ಶಾಲು ಹೊದ್ದಿದ್ದೆ. ನೀಲಗಂಗವ್ವ, "ಜ್ವರಾ ಬಂದಾವೇನು ಅಂತ ಮಂದಿ ಕೇಳತಾರ" ಎಂದಳು. ಕೇಳಲಿ, ನನಗೇನು ಕೇಳಿಸುತ್ತದೆಯೇ ಎಂದೆ.

ಎಲ್ಲರೂ ಮುಂದೆ ಹೋಗಿ ಕುಳಿತರು. ನಾನು ಕೊನೆಯ ಸಾಲಿಗೆ ಹೋದೆ. ಎಷ್ಟು ವರ್ಷ ನಿನಗೆ ಕೊನೆಯ ಸಾಲು, ಕೊನೆಯ ಸಾಲು ಎಂದು ಬೈದಿದ್ದೇನೆ. ಕೇಳಿಸಿತೋ ಇಲ್ಲವೋ ನೋಡುವುದು ನನ್ನ ಕೆಲಸವಲ್ಲವೇ? ಕಿವಿ ಇಲ್ಲದವನು ಹೇಗೆ ನೋಡುತ್ತಾನೆ ಅನ್ನುತ್ತೀಯೇನೋ. ಪಕ್ಕದವರ ಮುಖ ನೋಡಿ.

ನನ್ನ ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಹೆಂಗಸು ಕುಳಿತಿದ್ದಳು. ಕೈಚೀಲದಲ್ಲಿ ಸಂತೆಯ ಮೆಂತ್ಯಸೊಪ್ಪು. ಬಿಸಿಲಿಗೆ ನೆರಳು ಬೇಕಾಗಿ ಬಂದವಳೋ ಏನೋ, ಮೊದಲು ಆಕಳಿಸುತ್ತಿದ್ದಳು. ಆ ದೃಶ್ಯ ಬಂತು. ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದಾನೆ, ಕೀಲಿ ಅವನ ಸೊಂಟದಲ್ಲಿದೆ. ನೀನು ಎಡಕ್ಕೆ ನೋಡಿ ನಕ್ಕೆ. ಜನ ನೀನು ಗಿರಣಿ ನೋಡಿ ನಕ್ಕೆ ಎಂದುಕೊಂಡರು. ಅಲ್ಲಿ ಯಾರು ಕುಳಿತಿದ್ದಾರೆ ಎಂಬುದು ಆ ಥಿಯೇಟರಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆಮೇಲೆ ನಿನ್ನ ತುಟಿ ಅಲುಗಿತು. ಅಪ್ಪಾ, ಗಿರಣಿ ಕೀಲಿ ಕೊಡು.

ನಾನು ಪರದೆ ಬಿಟ್ಟು ಪಕ್ಕಕ್ಕೆ ತಿರುಗಿದೆ. ಆ ಹೆಂಗಸು ಮುಂದಕ್ಕೆ ಬಾಗಿದ್ದಳು, ಚೀಲ ಕೆಳಗೆ ಜಾರಿತ್ತು. ಪರದೆಯ ಮೇಲಿನ ನಿನ್ನ ಅಪ್ಪನಿಗೆ ಅವಳು ಏನೋ ಹೇಳುತ್ತಿದ್ದಳು. ನಾನು ಅವಳ ತುಟಿ ಓದಿದೆ.

"ಕೊಡೋ ನಮ್ಮಪ್ಪಾ, ಕೊಡು."

ಕೊನೆಯ ಸಾಲಿಗೆ ಕೇಳಿಸಿದೆ, ಶೈಲವ್ವ.

ಅಂದಾನೆಪ್ಪ